ಬೀಬಿ ನಾಚ್ಚಿಯಾರ್

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ ಮೇಲುಕೋಟೆಯಲ್ಲಿ, ಚೆಲುವನಾರಾಯಣಸ್ವಾಮಿಯ ಉತ್ಸವಮೂರ್ತಿಯ, ಅಂದರೆ ಮೆರವಣಿಗೆಗೆ ಹೊರಡುವ ಲೋಹವಿಗ್ರಹದ, ಪಾದದ ಬಳಿ ಪೂಜೆಗೊಳ್ಳುವ ಮುಸ್ಲಿಂ ರಾಜಕುಮಾರಿ. ‘ನಾಚ್ಚಿಯಾರ್’ ಎಂಬುದು ಶ್ರೀವೈಷ್ಣವರು ದೇವಿಯರಿಗೆ ಸಲ್ಲಿಸುವ ಗೌರವನಾಮ. ಸ್ಥಳಪುರಾಣದ ಪ್ರಕಾರ, ದೆಹಲಿ ಸುಲ್ತಾನನ ಸೈನ್ಯ ಒಯ್ದಿದ್ದ ಈ ಮೂರ್ತಿಯನ್ನು ಆತನ ಮಗಳು ಒಡನಾಡಿಯಂತೆ ಪ್ರೀತಿಸಿದ್ದಳು. ಅದನ್ನು ಅರಸುತ್ತ ದೆಹಲಿಗೆ ಹೋದ ಶ್ರೀವೈಷ್ಣವ ಗುರು ರಾಮಾನುಜಾಚಾರ್ಯರು ‘ಶೆಲ್ವಪಿಳ್ಳೈ’, ಎಂದರೆ ಮುದ್ದಿನ ಮಗು, ಎಂದು ಕರೆದಾಗ ಮೂರ್ತಿ ತಾನಾಗಿ ಅವರ ಬಳಿಗೆ ಬಂದಿತು. ವಿರಹ ತಾಳದ ರಾಜಕುಮಾರಿ ಅರಮನೆ ತೊರೆದು ಮೇಲುಕೋಟೆಗೆ ಬಂದು ದೇವರಲ್ಲಿ ಐಕ್ಯಳಾದಳು. ಇಲ್ಲಿ ಯಾರೂ ಅವಳನ್ನು ಕರೆತರಲಿಲ್ಲ, ಯಾರೂ ತಡೆದು ನಿಲ್ಲಿಸಲೂ ಆಗಲಿಲ್ಲ. ಸ್ವಂತ ಇಚ್ಛೆಯಿಂದ ಹೊರಟ ಆ ನಡೆಯೇ ಕಥೆಯ ಜೀವಾಳ, ಅದರ ನಿಜವಾದ ಘನತೆ. ರಾಮಾನುಜರು ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ನಾಡಿನಲ್ಲಿದ್ದರು, ದೆಹಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಆದ್ದರಿಂದ ಕಥೆಯನ್ನು ಇತಿಹಾಸವೆಂದು ಓದಲಾಗದು. ಶ್ರೀರಂಗಂನಲ್ಲಿಯೂ ‘ತುಲುಕ್ಕ ನಾಚ್ಚಿಯಾರ್’ ಎಂಬ ಇದೇ ಬಗೆಯ ಭಕ್ತೆಗೆ ಪೂಜೆಯಿದೆ. ಮೇಲುಕೋಟೆಯ ಮೂರ್ತಿಯನ್ನು ಮರಳಿ ತರಲು ನೆರವಾದ ದಲಿತರನ್ನು ರಾಮಾನುಜರು ‘ತಿರುಕುಲತ್ತಾರ್’, ಅಂದರೆ ಪವಿತ್ರ ಕುಲದವರು, ಎಂದು ಕರೆದು, ವರ್ಷದ ಕೆಲವು ದಿನ ದೇವಾಲಯ ಪ್ರವೇಶದ ಹಕ್ಕು ನೀಡಿದರೆಂದು ಪರಂಪರೆ ಹೇಳುತ್ತದೆ.