‘ಬೆಳೆ’ ನಾಮಪದವೋ, ಧಾತುವೋ?



ಬಹಳ ವರ್ಷಗಳ ಹಿಂದೆ ನನ್ನ ವ್ಯಾಕರಣದ ತರಗತಿಯಲ್ಲಿ ಬೂದಿಕೋಟೆಯ ಕಡೆಯ ಬಾಲಕನೊಬ್ಬನು, ‘ಬೆಳೆ’ ಎಂಬುದು ನಾಮಪದವೂ ಹೌದು, ಧಾತುವೂ ಹೌದು ಎಂದನು. ರಾಗಿ ಹೊಲದ ಮಗು ಅವನು. ಬೆಳೆಯನ್ನೂ ಬಲ್ಲ, ಬೆಳೆಯುವುದನ್ನೂ ಬಲ್ಲ. ನಾನೋ, ‘ಒಂದನ್ನೇ ಹೇಳು’ ಎಂದು ಗದರಿಸಿ ಅವನನ್ನು ನಿಲ್ಲಿಸಿದೆನು.

ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ನಾಮಕ್ಕೂ ಆಖ್ಯಾತಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ಆ ವಿಭಾಗವನ್ನೇ ನಾನು ಗೋಡೆಯೆಂದು ತಿಳಿದಿದ್ದೆನು. ಆದರೆ ನುಡಿ, ನಡೆ, ಹಾಡು, ಓದು, ನಗು ಮುಂತಾದವು ಎರಡೂ ಕಡೆ ಸಲ್ಲುತ್ತವೆ. ‘ನುಡಿಯನ್ನು’, ‘ನುಡಿದನು’ ಎಂದು ಪ್ರತ್ಯಯ ಸೇರಿದಾಗಲೇ ಜಾತಿ ಖಚಿತವಾಗುವುದು.

ಮನುಷ್ಯನು ತಾನೇ ಕಟ್ಟಿದ ಭಾಷೆಗಳಲ್ಲಿ ಇದು ನಿಯಮವೇ ಆಯಿತು. 1887ರಲ್ಲಿ ಡಾ. ಜಾಮೆನ್‌ಹೋಫ್ ವಾರ್ಸಾದಲ್ಲಿ ಪ್ರಕಟಿಸಿದ ಎಸ್ಪೆರಾಂಟೊದಲ್ಲಿ ‘ಪರೋಲ್’ ಎಂಬ ಮೂಲಕ್ಕೆ ‘ಓ’ ಸೇರಿದರೆ ಮಾತು, ‘ಇ’ ಸೇರಿದರೆ ಮಾತನಾಡುವುದು. ಆದರೂ ಮೂಲವು ತನ್ನ ಹುಟ್ಟನ್ನು ಮರೆಯದು. ‘ಕೊಂಬಿ’ ಎಂದರೆ ಬಾಚುವುದು. ‘ಕೊಂಬೊ’ ಎಂದರೆ ಬಾಚಣಿಗೆಯಲ್ಲ, ಬಾಚುವಿಕೆ. ಬಾಚಣಿಗೆಗೆ ‘ಕೊಂಬಿಲೊ’ ಎಂದು ಬೇರೆ ಪ್ರತ್ಯಯ ಬೇಕು, ನಮ್ಮ ‘ಬಾಚು’ವಿಗೆ ಬೇಕಾದಂತೆಯೇ! 2001ರಲ್ಲಿ ಕೆನಡಾದ ಸೋನ್ಯಾ ಲಾಂಗ್ ರಚಿಸಿದ ಟೋಕಿ ಪೋನಾ ಈ ಪ್ರತ್ಯಯಗಳನ್ನೂ ಬಿಟ್ಟಿತು. ಅಲ್ಲಿ ‘ಟೋಕಿ’ ಎಂದರೆ ನುಡಿಯೂ ಹೌದು, ನುಡಿಯುವುದೂ ಹೌದು. ವಾಕ್ಯದಲ್ಲಿನ ಸ್ಥಾನವೇ ನಿರ್ಣಾಯಕ.

ನಾಮ, ಕ್ರಿಯೆ ಎಂಬುದು ಪದದ ಹುಟ್ಟುಗುಣ ಮಾತ್ರವಲ್ಲ, ಅದು ಮಾಡುವ ಕೆಲಸವೂ ಹೌದು. ಇದನ್ನು ಆ ಬಾಲಕನು ಪುಸ್ತಕವಿಲ್ಲದೆಯೇ ಕಂಡಿದ್ದನು. ಅವನು ಇದನ್ನು ಓದುತ್ತಿದ್ದರೆ, ಉತ್ತರ ಸರಿಯಾಗಿತ್ತು, ತಪ್ಪು ನನ್ನದು. ಇನ್ನು ಕುಳಿತುಕೋ, ಮಗೂ.