ಕೆಜಿಎಫ್ ಗಣಿ ಮತ್ತು ಅಣುತ್ಯಾಜ್ಯ: ನಿಜವಾಗಿ ನಡೆದದ್ದೇನು?

ಕೆಜಿಎಫ್ ಅಂದ್ರೆ ಇಲ್ಲಿ ಪುಣೆಯ ನನ್ನ ಆಫೀಸಿನಲ್ಲಿ ಎಲ್ಲರಿಗೂ ನೆನಪಾಗೋದು ಸಿನಿಮಾ. ಇವತ್ತು ನಾನು ಹೇಳೋದು ಆ ಗಣಿಯ ಬೇರೆಯೇ ಕತೆ.

1980ರ ದಶಕದಲ್ಲಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೋಲಾರದ ಚಿನ್ನದ ಗಣಿಯಲ್ಲಿ ಒಂದು ಪ್ರಯೋಗ ಮಾಡಿದರು. ಸುಮಾರು 1000 ಮೀಟರ್ ಆಳದಲ್ಲಿ, ಕೆಲಸ ನಿಂತಿದ್ದ ಒಂದು ಭಾಗದಲ್ಲಿ, ಬಂಡೆಯನ್ನು ಹೀಟರ್ ಇಟ್ಟು ಕಾಯಿಸಿ ನೋಡಿದರು.

ಯಾಕೆ ಕಾಯಿಸಬೇಕು? ಬಳಸಿದ ಅಣು ಇಂಧನದಿಂದ ಯುರೇನಿಯಂ, ಪ್ಲುಟೋನಿಯಂ ತೆಗೆದ ಮೇಲೆ ತೀವ್ರ ವಿಕಿರಣದ ದ್ರವ ಉಳಿಯುತ್ತೆ. ಅದನ್ನು ಕರಗಿದ ಗಾಜಿನಲ್ಲಿ ಬೆರೆಸಿ ಸ್ಟೀಲ್ ಡಬ್ಬಿಗಳಲ್ಲಿ ತುಂಬುತ್ತಾರೆ. ಗಾಜಾದರೂ ಅದು ಶಾಖ ಬಿಡುತ್ತಲೇ ಇರುತ್ತೆ. ದಶಕಗಳ ಕಾಲ ತಣಿಸಿ ಆಮೇಲೆ ಹೂತರೂ ಸುತ್ತಲಿನ ಬಂಡೆ ಬಿಸಿಯಾಗುತ್ತೆ. ಬಂಡೆ ಹಿಗ್ಗಿ ಬಿರುಕು ಬಿಟ್ಟರೆ ನೀರಿಗೆ ದಾರಿ. ಇದೇ ಅವರ ಪ್ರಶ್ನೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಟೆಸ್ಟಿಂಗ್, ಪ್ರೊಡಕ್ಷನ್ ಅಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 2012ರಲ್ಲಿ ಕೂಡಂಕುಳಂ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ, ತ್ಯಾಜ್ಯ ಎಲ್ಲಿಗೆ ಅನ್ನೋ ಪ್ರಶ್ನೆಗೆ ಕೋಲಾರದ ಹೆಸರು ಬಂತು. ಕೆಜಿಎಫ್ ಜನ ಬೀದಿಗಿಳಿದರು. ಅಂಥ ಯೋಜನೆಯೇ ಇಲ್ಲ ಎಂದು ಸರ್ಕಾರದ ಕಡೆಯಿಂದ ಸ್ಪಷ್ಟನೆ ಬಂತು.

ಆ ಭಯ ಅಜ್ಞಾನದ್ದು ಅಂತ ನಾನು ಒಪ್ಪಲ್ಲ. ಚಿನ್ನ ಹೋದ ಮೇಲೆ ಆ ಊರಿಗೆ ಉಳಿದಿದ್ದು ಸೈನೈಡ್ ದಿಬ್ಬಗಳ ಧೂಳು. ಎಂಜಿನಿಯರಿಂಗ್ ಲೆಕ್ಕದಲ್ಲೂ ಹಳೇ ಗಣಿ ಒಳ್ಳೆ ಜಾಗ ಅಲ್ಲ: ಅದಿರು ಸಿಕ್ಕ ಕಡೆಯೆಲ್ಲ ಕೊರೆದ ತೂತುಗಳು, ಪಂಪ್ ನಿಂತರೆ ತುಂಬೋ ನೀರು.

ಇದಕ್ಕೆ ಜರ್ಮನಿಯ ಆಸ್ಸೆ ಸಾಕ್ಷಿ. ಅಲ್ಲಿ 1967ರಿಂದ 1978ರವರೆಗೆ ಹಳೇ ಉಪ್ಪಿನ ಗಣಿಯೊಳಗೆ ಸುಮಾರು 1,26,000 ಡ್ರಮ್ ತ್ಯಾಜ್ಯ ಇಟ್ಟರು. ಆಮೇಲೆ ನೀರು ನುಗ್ಗಿತು. ಎಲ್ಲವನ್ನೂ ಹೊರಗೆ ತೆಗೀಬೇಕು ಅಂತ 2013ರಲ್ಲಿ ಕಾನೂನೇ ಮಾಡಬೇಕಾಯ್ತು.

ಫಿನ್ಲೆಂಡ್ ಹಳೇ ಗಣಿ ಹುಡುಕಲಿಲ್ಲ. ಗಟ್ಟಿ ಬಂಡೆ ಆರಿಸಿ ಹೊಸದಾಗಿ ಓಂಕಾಲೊ ಸುರಂಗ ಕೊರೆಯಿತು. ಅದಕ್ಕೂ ಮೊದಲು ಯೂರಯೋಕಿ ಪುರಸಭೆಯ ಒಪ್ಪಿಗೆ ಕೇಳಿತು. ಬೇಡ ಎನ್ನುವ ಹಕ್ಕು ಆ ಊರಿಗೆ ಕಾನೂನಿನಲ್ಲೇ ಇತ್ತು. 2000ದಲ್ಲಿ ಊರು ಹೂಂ ಅಂದಿತು.

ಭಾರತದಲ್ಲಿ ಇನ್ನೂ ಅಂಥ ಆಳದ ಭಂಡಾರ ಇಲ್ಲ. ಗಾಜಿನ ಡಬ್ಬಿಗಳು ತಾರಾಪುರದಂಥ ಕಡೆ ತಣಿಯುತ್ತಿವೆ. ಜಾಗ ಹುಡುಕೋ ದಿನ ಬಂದಾಗ ಊರನ್ನು ಮೊದಲೇ ಕೇಳ್ತಾರಾ, ಅಥವಾ ಕೋರ್ಟಿನ ಕಾಗದದಿಂದ ಊರಿಗೆ ಗೊತ್ತಾಗುತ್ತಾ? ನಿಮ್ಮ ಮನೆಯಲ್ಲಿ ಯಾರಾದರೂ ಕೆಜಿಎಫ್ ಗಣಿಯಲ್ಲಿ ದುಡಿದಿದ್ದರೆ, ದಯವಿಟ್ಟು ಕಾಮೆಂಟಿನಲ್ಲಿ ಬರೆಯಿರಿ.