ರಾಣಿ ರೂಪಾಯಿಗೆ ಮೂರು ಬೆಲೆ

ಅಜ್ಜ–ಅಜ್ಜಿ ಬಿಟ್ಟುಹೋದ ಬೆಳ್ಳಿ ರೂಪಾಯಿಗಳನ್ನು ಏನು ಮಾಡಬೇಕು? ಮಾರಿದರೆ ಎಷ್ಟು ಸಿಗುತ್ತೆ? ಈ ಪ್ರಶ್ನೆ ನನಗೆ ಆಗಾಗ ಬರುತ್ತಿರುತ್ತೆ. ಉತ್ತರ ಹೇಳೋಕೆ ಸ್ವಲ್ಪ ಇತಿಹಾಸ ಬೇಕು. ಯಾಕಂದ್ರೆ ಒಂದು ಹಳೆಯ ರೂಪಾಯಿಗೆ ಮೂರು ಬೆಲೆ: ಮೇಲಿನ ಮುದ್ರೆಯದ್ದು, ಒಳಗಿನ ಬೆಳ್ಳಿಯದ್ದು, ಸಂಗ್ರಹಕಾರ ಕೊಡುವುದು. ಯಾವ ಕಾಲದಲ್ಲಿ ಯಾವ ಬೆಲೆ ಮೇಲಾಯಿತು ಅನ್ನೋದೇ ಇವತ್ತಿನ ಕಥೆ.

ಮೊದಲು ತೂಕ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಎಲ್ಲ ಪ್ರಾಂತ್ಯಗಳಿಗೂ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೆರಕೆ. ನಮ್ಮ 'ತೊಲ' ಅಂದರೆ ಇದೇ ತೂಕ. ಪತ್ತಾರರ ತಕ್ಕಡಿಯಲ್ಲಿ ರೂಪಾಯಿಯೇ ತೂಕದ ಕಲ್ಲಾಗಿತ್ತು. ಇಂತಹ 80 ರೂಪಾಯಿ ತೂಗಿದರೆ ಒಂದು ಸೇರು.

ಇನ್ನು ನಮ್ಮ ಸೀಮೆಗೆ ಬರೋಣ. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು, ತುಂಗಭದ್ರೆ ದಂಡೆಯ ಊರು. ಬ್ರಿಟಿಷರ ಕಾಲದಲ್ಲಿ ಈ ದಂಡೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಆಚೆ ದಂಡೆ ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆ. ಹೊಳೆಗುಂಟ ಕೆಳಗೆ ಹೋದರೆ ಕೊಪ್ಪಳದ ಕಡೆ ನಿಜಾಮರ ಆಳ್ವಿಕೆ. ಮೈಲಾರದ ಜಾತ್ರೆಗೆ ಈ ಎಲ್ಲ ಸೀಮೆಯ ಜನರೂ ಸೇರುತ್ತಿದ್ದರು. ಹಾಗಾಗಿ ನಮ್ಮ ಕಡೆಯ ಗಂಟುಗಳಲ್ಲಿ ರಾಣಿ ರೂಪಾಯಿಯ ಜೊತೆ ಚಾರ್ಮಿನಾರ್ ಚಿತ್ರದ ಹೈದರಾಬಾದಿನ 'ಹಾಲಿ ಸಿಕ್ಕಾ' ಸಿಕ್ಕರೆ ಆಶ್ಚರ್ಯ ಇಲ್ಲ. ಅದು ಸ್ವಲ್ಪ ಹಗುರ, ಬೆಳ್ಳಿಯೂ ಕಡಿಮೆ. ಏಳು ಹಾಲಿ ಸಿಕ್ಕಾ ಕೊಟ್ಟರೆ ಆರು ಬ್ರಿಟಿಷ್ ರೂಪಾಯಿ ಅನ್ನೋದು ಆಗಿನ ಲೆಕ್ಕ.

ರಾಣಿ ರೂಪಾಯಿಯ ಇಸವಿ ನೋಡಿ. 1876ರವರೆಗಿನವುಗಳ ಮೇಲೆ 'ವಿಕ್ಟೋರಿಯಾ ಕ್ವೀನ್' ಅಂತ ಇದೆ, 1877ರಿಂದ 'ವಿಕ್ಟೋರಿಯಾ ಎಂಪ್ರೆಸ್'. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ಆಕೆಯನ್ನು ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದರು. ಅದೇ ಹೊತ್ತಿಗೆ ಬಳ್ಳಾರಿ ಜಿಲ್ಲೆಯಲ್ಲಿ ಧಾತು ಸಂವತ್ಸರದ ದೊಡ್ಡ ಬರ. 1881ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆಯಾಗಿತ್ತು. ಬರಗಾಲದ ಕಾಮಗಾರಿಗಳಲ್ಲಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ ಗಂಡಾಳಿನ ದಿನಗೂಲಿ ಒಂದು ಪೌಂಡ್ ಧಾನ್ಯ, ಒಂದಾಣೆ ದುಡ್ಡು. ಅಂದರೆ ಒಂದು ರೂಪಾಯಿ ಕೈಗೆ ಬರೋಕೆ 16 ದಿನ ಮಣ್ಣು ಹೊರಬೇಕು.

ಆಗ ಜನ ಮಾರಿದ್ದು ಏನನ್ನು? ಕಾಲ್ಗಡಗ, ಡಾಬು, ಉಡಿದಾರ. ಬರದ ಸೀಮೆಗಳ ಬೆಳ್ಳಿ ಒಡವೆಗಳು ರಾಶಿರಾಶಿಯಾಗಿ ಬಾಂಬೆ ಟಂಕಸಾಲೆ ಸೇರಿ, ಕರಗಿ ರೂಪಾಯಿ ಆದವು. ನಿಮ್ಮ ಗಂಟಿನಲ್ಲಿ 1877, 1878ರ ನಾಣ್ಯ ಇದ್ದರೆ ಅದರೊಳಗೆ ಯಾರದೋ ಕಾಲಿನ ಕಡಗ ಇರಬಹುದು.

ಆ ಬರದಲ್ಲಿ ಒಂದು ಆಸರೆಯಾದರೂ ಇತ್ತು. ಯಾರು ಬೇಕಾದರೂ ಬೆಳ್ಳಿ ಕೊಟ್ಟು, ಸಣ್ಣ ಶುಲ್ಕ ತೆತ್ತು ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. ಬೆಳ್ಳಿಗೂ ನಾಣ್ಯಕ್ಕೂ ದೊಡ್ಡ ಅಂತರ ಇರಲಿಲ್ಲ. 1893ರ ಜೂನ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಅಲ್ಲಿಂದ ರೂಪಾಯಿಯ ಬೆಲೆ ಮುದ್ರೆಯ ಮೇಲೆ ನಿಂತಿತು, ಬೆಳ್ಳಿಯ ಬೆಲೆ ಜಾರುತ್ತಾ ಹೋಯಿತು. ಶತಮಾನದ ಕೊನೆಗೆ ಒಂದು ರೂಪಾಯಿಯೊಳಗಿನ ಬೆಳ್ಳಿ ಸುಮಾರು ಹತ್ತಾಣೆ ಮಾತ್ರ ಬಾಳುತ್ತಿತ್ತು. 1896–97ರಲ್ಲಿ, 1899–1900ರಲ್ಲಿ ಮತ್ತೆ ಬರ ಬಂದಾಗ ರೂಪಾಯಿ ಕೂಡಿಟ್ಟವನಿಗೆ ಹದಿನಾರಾಣೆ, ಅಷ್ಟೇ ತೂಕದ ಕಡಗ ಕೂಡಿಟ್ಟವಳಿಗೆ ಹತ್ತಾಣೆ. ದಾದಾಭಾಯಿ ನವರೋಜಿಯಂಥವರು ಈ ನೀತಿಯನ್ನು ವಿರೋಧಿಸಿದ್ದು ಸುಮ್ಮನೆ ಅಲ್ಲ.

ಮೊದಲ ಮಹಾಯುದ್ಧದಲ್ಲಿ ಇನ್ನೊಂದು ತಿರುವು. ಜನ ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದರು, ಖಜಾನೆಯಲ್ಲಿ ಬೆಳ್ಳಿ ಸಾಲಲಿಲ್ಲ. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿ ಭಾರತಕ್ಕೆಂದು ಬ್ರಿಟನ್ನಿಗೆ ಮಾರಿತು. ಆಗ ಟಂಕಿಸಿದ ಐದನೇ ಜಾರ್ಜನ ರೂಪಾಯಿಗಳು ಅಪಾರ. 1917ರಿಂದ 1920ರ ಇಸವಿಯವು ಇವತ್ತೂ ಹೇರಳವಾಗಿ ಸಿಗೋದು ಅದಕ್ಕೇ.

1940ರಲ್ಲಿ ಫ್ರಾನ್ಸ್ ಸೋತ ಸುದ್ದಿಗೆ ಜನ ಮತ್ತೆ ಬೆಳ್ಳಿ ಮುಚ್ಚಿಡತೊಡಗಿದರು. ಅಗತ್ಯ ಮೀರಿ ನಾಣ್ಯ ಕೂಡಿಡೋದು ಅಪರಾಧ ಅಂತ ಸರ್ಕಾರ ಸಾರಿತು, ಒಂದು ರೂಪಾಯಿ ನೋಟು ಬಿಟ್ಟಿತು, ಹೊಸ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಆಮೇಲೆ 1941ರಲ್ಲಿ ರಾಣಿ, 1942ರಲ್ಲಿ ಎಡ್ವರ್ಡ್, 1943ರಲ್ಲಿ ಜಾರ್ಜರ ಹಳೆಯ ಮಟ್ಟದ ಬೆಳ್ಳಿ ರೂಪಾಯಿಗಳು ಚಲಾವಣೆ ಕಳೆದುಕೊಂಡವು. ಗಡುವಿನೊಳಗೆ ಕೊಡದೆ ಉಳಿಸಿಕೊಂಡವರ ಕೈಯಲ್ಲಿ ಮುದ್ರೆಯ ಬೆಲೆ ಸತ್ತಿತು, ಬೆಳ್ಳಿಯ ಬೆಲೆ ಉಳಿಯಿತು. ನಮ್ಮ ಟ್ರಂಕಿನ ಗಂಟುಗಳು ಹೀಗೆ ಉಳಿದವು.

ಈಗ ಲೆಕ್ಕ. ನಮ್ಮ ಮನೆಯ ಪಾಲಿಗೆ ಬಂದದ್ದು 37 ನಾಣ್ಯ. ರಾಣಿಯವು 9, ಎಡ್ವರ್ಡ್ 5, ಐದನೇ ಜಾರ್ಜ್ 14, 1940ರ ನಂತರದ ಆರನೇ ಜಾರ್ಜ್ 6, ಹಾಲಿ ಸಿಕ್ಕಾ 2, ಹುಲಿ ಚಿತ್ರದ 1947ರದ್ದು 1. ಕೊನೆಯದ್ದು ನಿಕ್ಕಲ್, ಬೆಳ್ಳಿ ಇಲ್ಲವೇ ಇಲ್ಲ. ಮೊದಲ 28ರಲ್ಲಿ ತಲಾ 10.69 ಗ್ರಾಂ ಬೆಳ್ಳಿ, ಅರ್ಧ ಬೆಳ್ಳಿಯ ಆರರಲ್ಲಿ ತಲಾ 5.83, ಹಾಲಿ ಸಿಕ್ಕಾದಲ್ಲಿ ಸುಮಾರು 9.1. ಸವೆತ ಬಿಟ್ಟು ಎಲ್ಲ ಸೇರಿ ಸುಮಾರು 352 ಗ್ರಾಂ. ಪೇಟೆಯ ಒಬ್ಬ ವ್ಯಾಪಾರಿ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಸುರಿದು, "ಹಳೇ ರೂಪಾಯಿ ಎಲ್ಲಾ ಅರ್ಧ ಬೆಳ್ಳೀನೇ" ಅಂದ. ಆ ಲೆಕ್ಕದಲ್ಲಿ 209 ಗ್ರಾಂ! ಸುಲಭಕ್ಕೆ ಕೆಜಿಗೆ 1 ಲಕ್ಷ ಅಂತ ಇಟ್ಟುಕೊಂಡರೂ 14 ಸಾವಿರ ರೂಪಾಯಿ ವ್ಯತ್ಯಾಸ. ನೀವು ಮಾರುವ ದಿನದ ದರ ಹಾಕಿ ನೋಡಿಕೊಳ್ಳಿ. ನಾವು ಗಂಟು ಕಟ್ಟಿಕೊಂಡು ಎದ್ದು ಬಂದೆವು.

ಅಣ್ಣತಮ್ಮಂದಿರ ಪಾಲಿಗೂ ಇದೇ ಮಾತು. ತಲೆಗಿಷ್ಟು ನಾಣ್ಯ ಅಂತ ಎಣಿಸಿ ಹಂಚಿದರೆ ಒಬ್ಬರಿಗೆ ರಾಣಿ, ಇನ್ನೊಬ್ಬರಿಗೆ ನಿಕ್ಕಲ್. ಮೊದಲು ಇಸವಿ, ಬೆಳ್ಳಿ ನೋಡಿ ವಿಂಗಡಿಸಿ, ಆಮೇಲೆ ಹಂಚಿ.

ಮೂರನೆಯದು ಸಂಗ್ರಹಕಾರನ ಬೆಲೆ. ಹಳೆಯದೆಲ್ಲ ಅಪರೂಪ ಅಲ್ಲ. ಇಸವಿ, ಟಂಕಸಾಲೆ, ಸ್ಥಿತಿ, ಈ ಮೂರರ ಮೇಲೆ ಬೆಲೆ ನಿಲ್ಲುತ್ತೆ. 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಂಡು ಗಲಾಟೆಯಾಯಿತು, ಬಹುಪಾಲು ಕರಗಿಸಿಬಿಟ್ಟರು. ಅದಕ್ಕೆ ಬೆಳ್ಳಿಗಿಂತ ಹೆಚ್ಚು ಸಿಗುತ್ತೆ. 1939ರ ರೂಪಾಯಿ ಇನ್ನೂ ವಿರಳ, ಅದಕ್ಕೇ ನಕಲಿಯೂ ಜಾಸ್ತಿ. ಸರಕ್ಕೆ ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರ ಹೆಚ್ಚು ಕೊಡಲ್ಲ. ಇನ್ನೊಂದು, ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಲಕ್ಷ್ಮೀಪೂಜೆಗೆ ಹೊಳೆದರೆ ಚೆಂದ, ಹರಾಜಿನಲ್ಲಿ ಆ ಗೀರುಗಳೇ ಬೆಲೆ ಇಳಿಸುತ್ತವೆ.

ಮೋಸಗಳೂ ಇವೆ. ರಿಸರ್ವ್ ಬ್ಯಾಂಕ್ ಹೆಸರು ಹೇಳಿ, ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡಿಸ್ತೀವಿ, ಮೊದಲು ಕಮಿಷನ್ ಕಟ್ಟಿ ಅಂತ ಕರೆ ಬಂದರೆ ಇಟ್ಟುಬಿಡಿ. ತಾನು ಇಂಥ ವ್ಯವಹಾರ ಮಾಡಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಹನುಮಂತ, ರಾಮ ದರ್ಬಾರ್ ಚಿತ್ರದ 1818ರ 'ಕಂಪನಿ ನಾಣ್ಯ'ವನ್ನು ಕಂಪನಿ ಟಂಕಿಸಿಯೇ ಇಲ್ಲ. ಅಕ್ಕಿಕಾಳು ಎಳೆಯುವ ನಾಣ್ಯ ಅನ್ನೋದು ಶುದ್ಧ ವಂಚನೆ.

ಕಾನೂನು ಎರಡೇ ಮಾತಲ್ಲಿ ಹೇಳ್ತೀನಿ. ಮನೆಯಲ್ಲಿ ಬಂದದ್ದು ನಿಮ್ಮದು. ಹಗೇವು ಅಗೆಯುವಾಗ, ಪಾಯ ತೋಡುವಾಗ ಸಿಕ್ಕಿದ್ದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ನೆನಪಿಗೆ ಅಂತ ಕಳಿಸೋ ಹಾಗಿಲ್ಲ.

ಮಾರೋದು ತಪ್ಪೇನಲ್ಲ. ಕಷ್ಟಕ್ಕಾಗಲಿ ಅಂತಲೇ ಹಿರಿಯರು ಇಟ್ಟದ್ದು. ಆದರೆ ಮಾರುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿ ನಾಣ್ಯದ ಎರಡೂ ಮುಖದ ಫೋಟೋ, ಇಸವಿ, ತೂಕ, ಯಾರ ಕಡೆಯಿಂದ ಬಂತು ಅನ್ನೋದನ್ನ ಬರೆದಿಡಿ. ಇಬ್ಬರು ಮೂವರ ಹತ್ತಿರ ಬೆಲೆ ಕೇಳಿ. 1918ರದ್ದನ್ನು ನೆಮ್ಮದಿಯಾಗಿ ಬೆಳ್ಳಿ ದರಕ್ಕೆ ಕೊಡಿ, ಅಂಥವು ಬೇಕಾದಷ್ಟಿವೆ. ಬರದ ವರ್ಷದ ಒಂದು ರೂಪಾಯಿ ಸಿಕ್ಕರೆ ಅದನ್ನೊಂದು ಮನೆಯಲ್ಲಿ ಉಳಿಸಿಕೊಳ್ಳಿ. ಆ ವರ್ಷ ಸತ್ತವರ ಹೆಸರು ನಮ್ಮ ಊರುಗಳಲ್ಲಿ ಯಾವ ಕಲ್ಲಿನ ಮೇಲೂ ಕಾಣಸಿಗಲ್ಲ.